ಎಂಟನೇ ಬಿ ಸೆಕ್ಷನ್ನಿಗೆ ಟೇಪ್ ರೆಕಾರ್ಡರ್ ಬಂದದ್ದು

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ಎಂದು ಜಯನಗರದ ಒಂದು ಹಾಲಿನಲ್ಲಿ ನಮ್ಮನ್ನೆಲ್ಲ ಕೂರಿಸಿದ್ದರು. ಹೇಳಿಕೊಡಲು ಬಂದಿದ್ದ ಹುಡುಗ ನನ್ನ ನರೆತ ಕೂದಲು ನೋಡಿ, "ಹೆದರ್ಕೋಬೇಡಿ ಮೇಡಂ, ಇದೇನೂ ಕಚ್ಚಲ್ಲ, ಮುಟ್ಟಿ" ಅಂದ. ಅಕ್ಕಪಕ್ಕದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನೀನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೇ ನಾನು ತರಗತಿಯಲ್ಲಿ ಯಂತ್ರ ಇಟ್ಟುಕೊಂಡು ಪಾಠ ಮಾಡಿದವಳಪ್ಪಾ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದ್ದರೆ ಯಾವ ಯಂತ್ರ ಎಂದು ಕೇಳುತ್ತಿದ್ದ. ಟೇಪ್ ರೆಕಾರ್ಡರ್ ಎಂದಿದ್ದರೆ ಎಲ್ಲರೂ ಇನ್ನೊಂದು ಸುತ್ತು ನಗುತ್ತಿದ್ದರು.

ಅದನ್ನು ಇಲ್ಲಿ ಹೇಳುತ್ತೇನೆ. ನೀವು ನಕ್ಕರೂ ನನಗೆ ಕೇಳಿಸುವುದಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಜರಗನಹಳ್ಳಿ ಹತ್ತಿರದ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಕಿಟಕಿಯ ಆಚೆಗೇ ಕನಕಪುರ ರಸ್ತೆ. ಬಸ್ಸುಗಳು ಗೇರ್ ಬದಲಿಸುವುದೇ ನಮ್ಮ ಕಾಂಪೌಂಡಿನ ಪಕ್ಕದಲ್ಲಿ. ಎಂಟನೇ ಎ ಮತ್ತು ಬಿ ಸೆಕ್ಷನ್ನುಗಳ ನಡುವೆ ಗೋಡೆ ಇರಲಿಲ್ಲ. ಒಂದು ದೊಡ್ಡ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಮಾಡಿದ್ದರು. ಆ ಹಲಗೆಯೂ ಸೂರಿನವರೆಗೆ ಹೋಗದೆ ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ನಿಂತುಬಿಟ್ಟಿತ್ತು. ಬಸ್ಸುಗಳನ್ನೂ ಪಕ್ಕದ ಸೆಕ್ಷನ್ನಿನ ಮಗ್ಗಿಯನ್ನೂ ಮೀರಿ ಪಾಠ ಮಾಡಬೇಕೆಂದರೆ ಗಂಟಲಿರಬೇಕು. ನನಗಿತ್ತು. ಬಸ್ ಸ್ಟಾಪಿನಲ್ಲಿ ನಿಂತವರಿಗೂ ನನ್ನ ಪಾಣಿಪತ್ ಯುದ್ಧ ಕೇಳಿಸುತ್ತಿತ್ತು. ಹಲಗೆಯ ಆಚೆ ಲೆಕ್ಕ ಹೇಳುತ್ತಿದ್ದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, "ಮೇಡಂ, ನಾನು ಲ.ಸಾ.ಅ. ಕೇಳಿದ್ರೆ ನಮ್ಮ ಹುಡುಗ್ರು ಬಾಬರ್ ಅಂತಾರೆ" ಎಂದು ಗೊಣಗುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಆ ವರ್ಷ ಶಾಲೆ ಶುರುವಾದ ಹೊಸದರಲ್ಲೇ ನನ್ನ ಸ್ವರ ಒಡೆಯಿತು. ಮೊದಲು ಕರಕರ, ಆಮೇಲೆ ಬರೀ ಗಾಳಿ. ಶುಂಠಿ ಕಷಾಯ, ಮೆಣಸು, ಜೇನುತುಪ್ಪ ಎಲ್ಲ ಆಯಿತು. ಕೊನೆಗೆ ಜಯನಗರ ನಾಲ್ಕನೇ ಬ್ಲಾಕಿನ ಗಂಟಲಿನ ಡಾಕ್ಟರ ಹತ್ತಿರ ಹೋದೆ. ಅವರು ಗಂಟಲಿಗೆ ಪುಟ್ಟ ಕನ್ನಡಿ ಹಿಡಿದು ನೋಡಿ, ನಾನು ಬಾಯಿ ಮುಚ್ಚುವ ಮೊದಲೇ, "ಟೀಚರ್ ತಾನೆ?" ಎಂದರು.

"ಸ್ವರದ ತಂತು ಮೇಲೆ ಗಂಟಾಗಿದೆ. ಒಂದು ತಿಂಗಳು ಮಾತು ಪೂರ್ತಿ ಬಂದ್. ಪಿಸುಮಾತೂ ಆಡ್ಬೇಡಿ, ಅದೂ ಕೆಟ್ಟದ್ದೇ. ಆಮೇಲೆ ದಿನಕ್ಕೆ ಸ್ವಲ್ಪ ಹೊತ್ತು, ಎದುರಿಗೆ ಕೂತವರಿಗೆ ಕೇಳ್ಸೋ ಅಷ್ಟು ಮಾತ್ರ. ಕ್ಲಾಸಲ್ಲಿ ಮತ್ತೆ ಕಿರುಚಿದ್ರೆ ಈ ಸ್ವರ ವಾಪಸ್ ಬರಲ್ಲ ನೋಡಿ" ಎಂದರು ಡಾಕ್ಟರು.

ಹೆಡ್‌ಮಾಸ್ತರು ಒಳ್ಳೆಯ ಮನುಷ್ಯ, ಕನ್ನಡ ಪಂಡಿತರು. ಅವರ ಒಳ್ಳೆಯತನವೇ ನನಗೆ ಮುಳುವಾಯಿತು. ಆಫೀಸಿನ ಗುಮಾಸ್ತರು ನಿವೃತ್ತರಾಗಿ ಆ ಕುರ್ಚಿ ಖಾಲಿಯಿತ್ತು. "ನೀವು ಆಫೀಸಿಗೆ ಬಂದ್ಬಿಡಿ ಮೇಡಂ. ಟಿ.ಸಿ. ಬರೆಯೋದು, ಅಡ್ಮಿಷನ್ ನೋಡೋದು. ಮಾತೇ ಬೇಕಾಗಿಲ್ಲ. ಗಂಟಲು ಹಾಳು ಮಾಡ್ಕೊಂಡು ಏನ್ ಸಾಧಿಸ್ತೀರಿ?" ಎಂದರು. ಅವರ ಮುಖದಲ್ಲಿ ನಿಜವಾದ ಕಳಕಳಿ ಇತ್ತು. ಆದರೆ ಹದಿನೈದು ವರ್ಷ ಸೀಮೆಸುಣ್ಣ ಹಿಡಿದ ಕೈ ಇದು. ಮಕ್ಕಳಿಲ್ಲದ ಕೋಣೆಯಲ್ಲಿ ಕೂತು ಟಿ.ಸಿ. ಬರೆಯುವುದೆಂದರೆ ದಿನವೂ ಮಕ್ಕಳನ್ನು ಶಾಲೆಯಿಂದ ಆಚೆ ಕಳಿಸುವ ಕೆಲಸವೇ ತಾನೆ?

ಕೈಚೀಲದಲ್ಲಿದ್ದ ಸ್ಲೇಟು ತೆಗೆದು, "ದಸರಾವರೆಗೆ ಟೈಮ್ ಕೊಡಿ ಸಾರ್" ಎಂದು ಬರೆದೆ.

"ಮಾತಿಲ್ದೆ ಪಾಠ ಹೇಗ್ಮಾಡ್ತೀರಿ?" ಎಂದು ಕೇಳಿದರು. ಸೆರಗಿನಿಂದ ಸ್ಲೇಟು ಒರೆಸಿ ಮತ್ತೆ ಅದನ್ನೇ ಬರೆದೆ. ಅವರು ನಿಟ್ಟುಸಿರು ಬಿಟ್ಟು, "ಆಯ್ತು. ದಸರಾ ರಜಕ್ಕೆ ಮುಂಚೆ ಒಂದಿನ ನಾನೇ ಬಂದು ಎಂಟನೇ ಬಿನಲ್ಲಿ ಕೂತ್ಕೋತೀನಿ. ಮಕ್ಕಳಿಗೆ ಪಾಠ ಅರ್ಥ ಆಗ್ತಿದ್ರೆ ಕ್ಲಾಸು ನಿಮ್ದು. ಇಲ್ದಿದ್ರೆ ನನ್ನ ಮಾತು ಕೇಳ್ಬೇಕು" ಎಂದರು.

ಆ ಒಂದು ತಿಂಗಳು ರಜೆ ಹಾಕಿ ಬನಶಂಕರಿಯ ನಮ್ಮ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನಮ್ಮೆಜಮಾನರಿಗೆ ಒಂದು ಟು-ಇನ್-ಒನ್ ಇತ್ತು. ರೇಡಿಯೋನೂ ಅದೇ, ಟೇಪೂ ಅದೇ. ಸಂಜೆ ಆಫೀಸಿನಿಂದ ಬಂದವರೇ ಹಳೆಯ ಭಾವಗೀತೆಗಳನ್ನು ಹಾಕಿಕೊಳ್ಳುತ್ತಿದ್ದರು. ಒಂದು ದಿನ ನೀರು ಬಿಟ್ಟಿದ್ದರು, ಅವರು ಬಚ್ಚಲಲ್ಲಿ ಬಿಂದಿಗೆ ತುಂಬುತ್ತಿದ್ದರು. ಅಲ್ಲಿಗೂ ಕೇಳಲಿ ಎಂದು ಬಂದು ಗುಂಡಿ ತಿರುಗಿಸಿ ಹೋದರು. ಹಾಡುತ್ತಿದ್ದಾಕೆ ಕಿವಿಯ ಹತ್ತಿರ ಹೇಳಿದಷ್ಟು ಮೆಲ್ಲಗೆ ಹಾಡಿದ್ದಳು, ಆದರೂ ಮನೆಯೆಲ್ಲ ತುಂಬಿತು. ಅಯ್ಯೋ, ಇವಳೇನು ಕಿರುಚಿದಳೇ ಎಂದುಕೊಂಡೆ. ಅಲ್ಲೇ ಕೂತಿದ್ದ ನನಗೆ ದಾರಿ ಸಿಕ್ಕಿತು.

ತಿಂಗಳು ಮುಗಿದ ಮೇಲೆ ಡಾಕ್ಟರು ದಿನಕ್ಕೆ ಸ್ವಲ್ಪ ಮಾತಿನ ರೇಷನ್ ಕೊಟ್ಟರಲ್ಲ, ಅಷ್ಟನ್ನೂ ನಾನು ಕ್ಯಾಸೆಟ್ಟಿಗೇ ಸುರಿದೆ. ಮನೆಯವರ ಜೊತೆಗೆ ಸ್ಲೇಟೇ ಗತಿ. "ನಂಗಿಂತ ಎಂಟನೇ ಬಿನೇ ಪುಣ್ಯ ಮಾಡಿದೆ ಕಣೇ" ಎಂದು ನಮ್ಮೆಜಮಾನರು ಛೇಡಿಸಿದರು. ಮುಂದಿನ ಕೋಣೆಯಲ್ಲಿ ಬೀದಿಯ ಗಲಾಟೆ ಎಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಟೇಪನ್ನು ಮುಂದಿಟ್ಟುಕೊಂಡು, ಎದುರಿಗೆ ಒಂದು ಮಗು ಕೂತಿದೆ ಎಂದುಕೊಂಡು ಪಾಠ ಹೇಳುತ್ತಿದ್ದೆ. ಹೊಸ ಕ್ಯಾಸೆಟ್ ಹಾಳುಮಾಡುವುದೇಕೆ ಎಂದು ಅವರ ಒಂದು ಹಳೆಯ ಕ್ಯಾಸೆಟ್ಟಿನ ಮೇಲೇ ತುಂಬಿದೆ. ಅದು ಅವರಿಗೆ ಗೊತ್ತಾದಾಗ ಆದ ಜಗಳದಲ್ಲಿ ನನ್ನ ಕಡೆಯ ಮಾತೆಲ್ಲ ಸ್ಲೇಟಿನ ಮೇಲೇ ನಡೆಯಿತು. ಸ್ಲೇಟು ಚಿಕ್ಕದು, ಹಾಗಾಗಿ ಬೇಗ ಮುಗಿಯಿತು.

ವೈರ್ ಬುಟ್ಟಿಯಲ್ಲಿ ಟವೆಲ್ ಸುತ್ತಿದ ಟೇಪ್ ಇಟ್ಟುಕೊಂಡು, ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಶಾಲೆಗೆ ಹೋದೆ. ತರಗತಿಯಲ್ಲಿ ಕರೆಂಟಿನ ಪಾಯಿಂಟೇ ಇಲ್ಲ. ದಪ್ಪ ಸೆಲ್ಲುಗಳನ್ನು ಹಾಕಿ ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. "ಮಕ್ಕಳೇ, ಇವತ್ತು ನಾವು ಭೂಮಿಯ ಚಲನೆಯ ಬಗ್ಗೆ ತಿಳಿದುಕೊಳ್ಳೋಣ" ಎಂದು ನನ್ನದೇ ಸ್ವರ ಬಂದಾಗ ಮಕ್ಕಳು ಬಾಯಿ ತೆರೆದುಕೊಂಡು ಟೇಪನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಕೈ ಕಟ್ಟಿಕೊಂಡು ಗಂಭೀರವಾಗಿ ನಿಂತೆ. ಭೂಮಿ ಇನ್ನೂ ಅರ್ಧ ಸುತ್ತು ತಿರುಗಿರಲಿಲ್ಲ, ನಮ್ಮ ಅಡುಗೆಮನೆಯ ಕುಕ್ಕರ್ ಭರ್ರೆಂದು ಕೂಗಿತು. ತರಗತಿ ಗೊಳ್ಳೆಂದಿತು. ಅಲ್ಲಿಂದಾಚೆಗೆ ಯಾರಿಗೂ ಭೂಮಿ ಬೇಕಿರಲಿಲ್ಲ, ಮುಂದಿನ ವಿಷಲ್‌ಗೇ ಕಾಯುತ್ತಿದ್ದರು. "ಮಿಸ್, ಮೂರಾಯ್ತು, ಆಫ್ ಮಾಡಿ, ಬೇಳೆ ಕರಗ್ಹೋಗುತ್ತೆ" ಎಂದು ಯಾವನೋ ಕೂಗಿದ.

ಅದಕ್ಕಿಂತ ದೊಡ್ಡ ಎಡವಟ್ಟು ಆಮೇಲೆ ಆಯಿತು. ಅದನ್ನು ಮೇಷ್ಟ್ರುಗಳು ಬಿಟ್ಟರೆ ಬೇರೆ ಯಾರೂ ಮಾಡಲಾರರು. ಇಷ್ಟು ವರ್ಷದ ಅನುಭವದಿಂದ ಮಕ್ಕಳು ಪಾಠದ ಯಾವ ಹೊತ್ತಿಗೆ ಗುಸುಗುಸು ಶುರುಮಾಡುತ್ತಾರೆಂದು ನನಗೆ ಗೊತ್ತಿತ್ತು. ಹಾಗಾಗಿ ಪಾಠದ ನಡುವೆ ಸರಿಯಾದ ಜಾಗ ನೋಡಿ, "ಏಯ್, ಹಿಂದಿನ ಬೆಂಚು! ಏನದು ಮಾತು? ಎದ್ದು ನಿಂತ್ಕೊಳ್ಳಿ!" ಎಂದು ಬೈಗುಳವನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದೆ. ಆ ದಿನ ಮಕ್ಕಳು ಎಂದೂ ಇಲ್ಲದಷ್ಟು ಸುಮ್ಮನೆ ಕೂತಿದ್ದರು. ಟೇಪ್ ಗದರಿತು. ಹಿಂದಿನ ಬೆಂಚಿನ ನಾಲ್ವರು ಪಾಪದವರು ಗಡಬಡಿಸಿ ಎದ್ದು ನಿಂತರು. ಕೂತುಕೊಳ್ಳಿ ಎಂದು ನಾನು ಕೈಸನ್ನೆ ಮಾಡಿದರೂ ಕೂರಲಿಲ್ಲ. ಟೇಪ್ ಹೇಳಲಿ ಎಂದು ಕಾಯುತ್ತಿದ್ದರು. ಟೇಪಿನಲ್ಲಿ ಕೂತುಕೊಳ್ಳಿ ಎಂದು ಹೇಳುವುದನ್ನು ನಾನು ಮರೆತಿದ್ದೆ. ನಗು ತಡೆಯಲಾರದೆ ನಾನೇ ಮುಖ ತಿರುಗಿಸಿಕೊಂಡೆ. ಆಮೇಲೆ ಕ್ಯಾಸೆಟ್ಟಿಗೆ ಬೈಗುಳ ತುಂಬುವುದನ್ನು ಬಿಟ್ಟೆ.

ಸೆಲ್ಲುಗಳದು ಇನ್ನೊಂದು ಗೋಳು. ವಾರಕ್ಕೆಲ್ಲ ಇಳಿದುಹೋಗುತ್ತಿದ್ದವು. ಮನೆಯ ತಾರಸಿಯ ಮೇಲೆ ಹಪ್ಪಳದ ಪಕ್ಕದಲ್ಲಿ ಬಿಸಿಲಿಗಿಟ್ಟು ಜೀವ ತುಂಬಿಸಿ ತಂದರೂ ಪಾಠದ ನಡುವೆ ಸ್ವರ ಇಳಿದು ದಪ್ಪಗಾಗಿ ಗಂಡಸಿನ ಗೊಗ್ಗರು ದನಿಯಾಗುತ್ತಿತ್ತು. "ಮಿಸ್‌ಗೆ ಮೀಸೆ ಬಂತು" ಎಂದು ಮುಸಿಮುಸಿ ನಗು. ಕೊನೆಗೆ ನಮ್ಮೆಜಮಾನರೇ ಒಂದು ಉದ್ದ ವೈರು ಮಾಡಿಕೊಟ್ಟರು. ಆಫೀಸಿನ ಪಾಯಿಂಟಿನಿಂದ ವರಾಂಡ ದಾಟಿ ನಮ್ಮ ತರಗತಿಗೆ ಅದು ಬಂತು. ಆಮೇಲೆ ಟೇಪ್ ಸರಾಗವಾಗಿ ಓಡಿತು.

ಪಾಠ ಹೇಳುವುದು ಟೇಪಿನ ಪಾಲಿಗೆ ಬಿದ್ದದ್ದರಿಂದ ನನಗೆ ಕೆಲಸವಿರಲಿಲ್ಲ. ತರಗತಿಯ ಹಿಂದೆ ಹೋಗಿ ನಿಂತೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ನನ್ನ ಪಾಠ ಕೇಳಿಸಿಕೊಂಡೆ. ಏನು ವೇಗ ಅಂತೀರಿ! ಟೇಪಿನೊಳಗಿನವಳು ಪ್ರಶ್ನೆ ಕೇಳುತ್ತಾಳೆ, ಉತ್ತರವನ್ನೂ ತಾನೇ ಹೇಳುತ್ತಾಳೆ, "ಗೊತ್ತಾಯ್ತಲ್ಲ?" ಎನ್ನುತ್ತಾಳೆ, ಮುಂದಕ್ಕೆ ಓಡುತ್ತಾಳೆ. ಅಡುಗೆಮನೆಯಲ್ಲಿ ಎದುರಿಗೆ ಯಾರೂ ಇರಲಿಲ್ಲವಲ್ಲ, ಅದಕ್ಕೇ ಹೀಗಾಗಿದೆ ಎಂದು ಸಮಾಧಾನ ಮಾಡಿಕೊಂಡೆ.

ವಸಂತಪುರದಿಂದ ಬರುತ್ತಿದ್ದ ಒಬ್ಬಳು ಹುಡುಗಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ಟೇಪ್ ಓಡುತ್ತಿದ್ದಾಗ ಎದ್ದು ಬಂದು ಪಾಜ್ ಗುಂಡಿ ಒತ್ತಿ ಅದನ್ನು ನಿಲ್ಲಿಸಿಬಿಟ್ಟಳು. ನನಗೆ ರೇಗಿತು. ಆದರೆ ರೇಗಲು ಸ್ವರ ಬೇಕಲ್ಲ. "ಸಹರಾ ಅಂದ್ಮೇಲೆ ಏನೋ ಹೇಳಿದ್ರಲ್ಲ ಮಿಸ್, ಅದು ಗೊತ್ತಾಗ್ಲಿಲ್ಲ" ಎಂದಳು. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ತಲೆ ಆಡಿಸಿ, ಗುಂಡಿ ಬಿಟ್ಟು, ಹೋಗಿ ಕೂತಳು. ಮಾರನೆಯ ದಿನ ಇನ್ನಿಬ್ಬರು ಬಂದರು. ವಾರದೊಳಗೆ ಅದೇ ತರಗತಿಯ ಪದ್ಧತಿಯಾಯಿತು. ಅರ್ಥವಾಗದವರು ಎದ್ದು ಬಂದು ಟೇಪ್ ನಿಲ್ಲಿಸುವುದು, ಕೇಳುವುದು. ಗೊತ್ತಿದ್ದ ಮಕ್ಕಳು ಹೇಳಿದರೆ ಸರಿ, ಇಲ್ಲದಿದ್ದರೆ ನಾನು ಬೋರ್ಡಿನಲ್ಲಿ ಬರೆಯುವುದು. ಗುಂಡಿ ಒತ್ತುವ ಚಪಲಕ್ಕೆ ಬರುತ್ತವೆ ಕತ್ತೆಗಳು ಎಂದೇ ನಾನು ಅಂದುಕೊಂಡಿದ್ದೆ. ಮನೆಯಲ್ಲಿ ಟೇಪಿಲ್ಲದ ಮಕ್ಕಳು, ಮುಟ್ಟಿ ಖುಷಿಪಡಲಿ ಎಂದು ಬಿಟ್ಟುಕೊಟ್ಟೆ.

ಲೆಕ್ಕದ ಮೇಷ್ಟ್ರಿಗೆ ಇದು ಸರಿಬರಲಿಲ್ಲ. "ಟೇಪೇ ಪಾಠ ಮಾಡೋದಾದ್ರೆ ಮೇಡಂ ಯಾಕೆ ಬೇಕು ಸಾರ್? ನಾಳೆ ನಮ್ಮನ್ನೆಲ್ಲ ಕ್ಯಾಸೆಟ್‌ಗೆ ತುಂಬಿ ಮನೆಗೆ ಕಳಿಸ್ತೀರಾ?" ಎಂದು ಹೆಡ್‌ಮಾಸ್ತರ ಹತ್ತಿರ ಹೇಳಿದರಂತೆ. ಅವರದು ಹೊಟ್ಟೆಕಿಚ್ಚಲ್ಲ, ಹೆದರಿಕೆ. ಅದು ನನಗೆ ಅರ್ಥವಾಯಿತು, ನನಗೂ ಇದ್ದದ್ದು ಅದೇ ಹೆದರಿಕೆ. ಹೆಡ್‌ಮಾಸ್ತರು ನನ್ನನ್ನು ಕರೆದು, "ಬುಧವಾರ ಮೂರನೇ ಪೀರಿಯಡ್‌ಗೆ ಬರ್ತೀನಿ ಮೇಡಂ. ಪಾಠ ಮಾಡ್ತಿರೋದು ನೀವಾ, ಟೇಪಾ ಅಂತ ಎಲ್ಲರೂ ಕೇಳ್ತಿದಾರೆ" ಎಂದರು.

ಆ ಮಾತು ನನಗೆ ಚುಚ್ಚಿತು. ಅಷ್ಟು ಹೊತ್ತಿಗೆ ಡಾಕ್ಟರು ಮತ್ತೆ ಕನ್ನಡಿ ಹಿಡಿದು ನೋಡಿ, ಗಂಟು ಕರಗಿದೆ, ಮೆಲ್ಲಗಾದರೆ ಪಾಠ ಮಾಡಬಹುದು ಎಂದಿದ್ದರು. ಸರಿ, ಟೇಪೇ ಬೇಡ, ನಾನೇನು ಎಂದು ತೋರಿಸುತ್ತೇನೆ ಎಂದು ಹಟ ಬಂತು. ಬುಧವಾರ ವೈರ್ ಬುಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋದೆ.

ಹೆಡ್‌ಮಾಸ್ತರು ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಮಂಡಿ ಮಡಿಚಿಕೊಂಡು ಕೂತರು. ನಾನು ಬೋರ್ಡಿನ ಮೇಲೆ ‘ಅಕ್ಷಾಂಶ ಮತ್ತು ರೇಖಾಂಶ’ ಎಂದು ಬರೆದು ತಿರುಗಿ ಬಾಯಿ ತೆರೆದೆ. ಸ್ವರ ಬಂತು. ಸಣ್ಣದು, ಆದರೂ ನನ್ನದು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರಿಂದ ಕೊನೆಯ ಬೆಂಚಿಗೂ ತಲುಪುತ್ತಿತ್ತು. ಎಷ್ಟು ಸಂತೋಷವಾಯಿತೆಂದರೆ, ಕಟ್ಟಿಹಾಕಿದ್ದ ಕರುವನ್ನು ಬಿಟ್ಟಂತೆ ನಾನು ಓಡಿದೆ. ಸಮಭಾಜಕ ವೃತ್ತ, ಕರ್ಕಾಟಕ, ಮಕರ, ಧ್ರುವಗಳು, ಅಲ್ಲಿಂದ ರೇಖಾಂಶಕ್ಕೆ ಹಾರಿ, ಕಾಲದ ವ್ಯತ್ಯಾಸದವರೆಗೆ ಬಂದುಬಿಟ್ಟೆ. ಹೆಡ್‌ಮಾಸ್ತರು ತಲೆ ಆಡಿಸುತ್ತಿದ್ದರು. ಗೆದ್ದೆ ಎಂದುಕೊಂಡೆ.

ಆಗ ಮೂರನೇ ಬೆಂಚಿನಿಂದ ಆ ಹುಡುಗಿ ಎದ್ದು ನಿಂತಳು. "ಮಿಸ್, ಟೇಪ್ ತಂದಿಲ್ವಾ?"

"ಇಲ್ಲ. ಯಾಕೆ? ನಾನೇ ಮಾಡ್ತಿದೀನಲ್ಲ."

"ನಾಳೆ ಟೇಪಲ್ಲೇ ಹಾಕ್ತೀರಾ ಮಿಸ್, ಇದನ್ನ?"

ಮೂರು ತಿಂಗಳು ಒದ್ದಾಡಿ ಸ್ವರ ಉಳಿಸಿಕೊಂಡು ಬಂದರೆ, ಅದೂ ಹೆಡ್‌ಮಾಸ್ತರ ಎದುರಿಗೆ, ಈ ಮಾತೇ? ಆಫೀಸಿನ ಆ ಕುರ್ಚಿ ಕಣ್ಣ ಮುಂದೆ ಬಂತು. ಹಿಂದಿನಿಂದ ಹೆಡ್‌ಮಾಸ್ತರು ಕೇಳಿದರು, "ಯಾಕಮ್ಮಾ, ಮಿಸ್ ಪಾಠ ಚೆನ್ನಾಗಿಲ್ವಾ?"

"ಚೆನ್ನಾಗಿದೆ ಸಾರ್." ಅವಳು ಟೇಪಿಲ್ಲದ ಮೇಜಿನ ಕಡೆ ನೋಡಿದಳು. "ಟೇಪ್ ಆದ್ರೆ ನಿಲ್ಸಿ ಕೇಳ್ಬೋದು ಸಾರ್. ಮಿಸ್‌ನ ನಿಲ್ಸಕ್ಕಾಗಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿ ಪಾರಾಗುತ್ತಿದ್ದೆ. ಅವರೆಲ್ಲ ಹೌದು ಎಂಬಂತೆ ಅವಳ ಕಡೆ ನೋಡಿದರು. ಹುಡುಗಿಯ ಮುಖದಲ್ಲಿ ದೂರೂ ಇರಲಿಲ್ಲ, ತುಂಟತನವೂ ಇರಲಿಲ್ಲ. ಮಳೆ ಬಂದರೆ ನೆನೆಯುತ್ತೇವೆ ಎಂಬಷ್ಟು ಸಹಜವಾಗಿ ಹೇಳಿದ್ದಳು. ನನಗೆ ಮೊದಲು ಸಿಟ್ಟು ಬಂತು. ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡೆ. ಗುಂಡಿ ಒತ್ತುವ ಚಪಲ ಎಂದುಕೊಂಡಿದ್ದೆನಲ್ಲ ನಾನು.

"ಎಲ್ಲಿ ನಿಲ್ಲಿಸ್ಬೇಕಿತ್ತು ನನ್ನ?" ಎಂದು ಕೇಳಿದೆ.

"ಮೊದ್ಲನೇ ಸಾಲಲ್ಲೇ ಮಿಸ್. ಅಕ್ಷಾಂಶ ಅಂದ್ರೆ ಕೋನೀಯ ದೂರ ಅಂದ್ರಲ್ಲ. ದೂರ ಅಂದ್ರೆ ಕಿಲೋಮೀಟರ್ ಅಲ್ವಾ? ಕೋನದಲ್ಲಿ ಹೇಗೆ ಅಳೀತಾರೆ?"

"ಯಾರ‍್ಯಾರಿಗೆ ಅಲ್ಲಿ ಗೊತ್ತಾಗ್ಲಿಲ್ಲ? ಕೈ ಎತ್ತಿ."

ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಎತ್ತದೆ ಉಳಿದದ್ದು ಯಾವುದು ಎಂದು ಹುಡುಕಬೇಕಾಯಿತು. ನಾನು ಹದಿನೈದು ವರ್ಷ ಆ ಸಾಲನ್ನು ಹೇಳಿ ಮುಂದಕ್ಕೆ ಹೋಗಿದ್ದೆ. ಎಷ್ಟು ಮಕ್ಕಳು ಆ ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದರೋ. ಬೋರ್ಡನ್ನು ಪೂರ್ತಿ ಒರೆಸಿದೆ. ಹೆಡ್‌ಮಾಸ್ತರ ಕಡೆ ನೋಡಲು ಧೈರ್ಯವಾಗಲಿಲ್ಲ. ಹೋದರೆ ಹೋಗಲಿ ಕ್ಲಾಸು, ಇವತ್ತು ಇವರಿಗೆ ಈ ಒಂದು ಸಾಲನ್ನಾದರೂ ಸರಿಯಾಗಿ ಹೇಳಿಯೇ ಹೋಗುತ್ತೇನೆ ಎಂದುಕೊಂಡೆ.

ದೊಡ್ಡ ವೃತ್ತ ಬರೆದೆ. ನಡುವೆ ಅಡ್ಡಗೆರೆ. ಭೂಮಿಯ ಒಳಗೆ, ಅದರ ನಟ್ಟನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂದುಕೊಳ್ಳಿ, ಅವನು ನೇರವಾಗಿ ನೋಡಿದರೆ ಸಮಭಾಜಕ ವೃತ್ತ, ಬೆಂಗಳೂರನ್ನು ನೋಡಬೇಕಾದರೆ ಕತ್ತನ್ನು ಎಷ್ಟು ಮೇಲಕ್ಕೆತ್ತಬೇಕು ಎಂದು ಶುರುಮಾಡಿದೆ. ಅಳೆದು ತೋರಿಸಲು ಏನೂ ಇರಲಿಲ್ಲ. ಅಷ್ಟರಲ್ಲಿ ಪ್ಲೈವುಡ್ ಹಲಗೆಯ ಮೇಲಿಂದ ಮರದ ದೊಡ್ಡ ಕೋನಮಾಪಕವೊಂದು ತೂರಿ ಬಂತು. ಅದರ ಹಿಂದೆ ಒಂದು ಕೈ. "ತಗೊಳ್ಳಿ ಮೇಡಂ, ಬೇಕಾಗುತ್ತೆ" ಎಂದರು ಆಚೆಯಿಂದ ಲೆಕ್ಕದ ಮೇಷ್ಟ್ರು. ಅಲ್ಲಿಯವರೆಗೂ ಅವರೂ ಅವರ ಮಕ್ಕಳೂ ನಮ್ಮ ಮಾತೇ ಕೇಳುತ್ತಿದ್ದರೆಂದು ಕಾಣುತ್ತದೆ.

ಒಂದು ಸಾಲು ಹೇಳುವುದು, ನಿಲ್ಲುವುದು. ಸುಮ್ಮನಿರುವುದು ನನಗೆ ಎಷ್ಟು ಕಷ್ಟವಾಯಿತೆಂದರೆ ಸೀಮೆಸುಣ್ಣವನ್ನು ಬೆರಳಲ್ಲೇ ಪುಡಿಮಾಡಿದೆ. ಆದರೆ ನಿಂತಾಗಲೆಲ್ಲ ಒಂದೊಂದು ಕೈ ಎದ್ದಿತು. ಹಾಗಾದರೆ ಧ್ರುವಕ್ಕೆ ಕತ್ತು ಎಷ್ಟೆತ್ತಬೇಕು ಎಂದು ಒಬ್ಬ ಕೇಳಿದ. ನಾನು ಹೇಳುವ ಮೊದಲೇ ಆ ಹುಡುಗಿ, "ನೆಟ್ಟಗೆ ಮೇಲಕ್ಕೆ, ತೊಂಬತ್ತು" ಎಂದಳು. ಎಂದವಳೇ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಗಂಟೆ ಹೊಡೆಯಿತು. ಪಾಠ ಅರ್ಧ ಪುಟವೂ ಮುಂದೆ ಹೋಗಿರಲಿಲ್ಲ. ಹೆಡ್‌ಮಾಸ್ತರು ಬೆಂಚು ಹಿಡಿದುಕೊಂಡು ಎದ್ದು, ಮಂಡಿ ಉಜ್ಜಿಕೊಳ್ಳುತ್ತಾ ನನ್ನ ಹತ್ತಿರ ಬಂದರು. ನಾನು ತಲೆ ತಗ್ಗಿಸಿ ನಿಂತೆ.

"ಮೇಡಂ, ನೀವು ಕೈ ಎತ್ತಿ ಅಂದಾಗ ನಾನೂ ಎತ್ತಿದ್ದೆ. ನೀವು ನೋಡ್ಲಿಲ್ಲ" ಎಂದರು. "ನಾನು ಓದೋವಾಗಿಂದ ಅದು ಹಾಗೇ ಉಳ್ಕೊಂಡಿತ್ತು. ರೇಖಾಂಶ ನಾಳೆ ತಾನೆ? ಮೂರನೇ ಪೀರಿಯಡ್‌ಗೇ ಬರ್ತೀನಿ. ಗುಮಾಸ್ತರ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."